ಪಾರ್ಕಿನ ಬೀಗದ ಕೈ ಯಾರ ಹತ್ತಿರ ಇದೆ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ತುಮಕೂರಿನ ಒಂದು ಬಡಾವಣೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇವೆ. ನಮ್ಮ ಬೀದಿಯ ಕೊನೆಯಲ್ಲಿ ಸುಮಾರು 20 ಗುಂಟೆಯ ಪಾರ್ಕ್ ಇದೆ. ನಾಲ್ಕು ವರ್ಷದ ಹಿಂದೆ ಉಯ್ಯಾಲೆ, ಜಾರುಬಂಡೆ, ಓಪನ್ ಜಿಮ್ ಎಲ್ಲ ಹಾಕಿದರು. ಈಗ ಜಿಮ್ಮಿನ ಅರ್ಧ ಸಾಮಾನು ಮುರಿದಿದೆ, ಒಂದು ಉಯ್ಯಾಲೆ ಕಿರ್ ಕಿರ್ ಎನ್ನುತ್ತದೆ, ಹುಲ್ಲು ಒಣಗಿದೆ. ಬೆಳಿಗ್ಗೆ ಒಂಬತ್ತಕ್ಕೆ ಗೇಟಿಗೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಸಂಜೆ ಐದಕ್ಕೆ, ಅದೂ ಎಲ್ಲ ದಿನ ಅಲ್ಲ. ಪಾರ್ಕಿನ ಪಕ್ಕದ ಖಾಲಿ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಹೋದ ತಿಂಗಳು ಯಾರೋ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದಾರೆ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿಗೆ ಹೋಗಿ ಅನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಬಡಾವಣೆ ಮಕ್ಕಳಿಗೆ ಒಂದು ಆಟದ ಶಿಬಿರ ಮಾಡಬೇಕೆಂಬ ಆಸೆಯೂ ನಮ್ಮ ಕೆಲವು ತಾಯಂದಿರಿಗೆ ಇದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಮಸ್ಕಾರ ಮೇಡಂ. ಮೊದಲು ಆ ಕಿರ್ ಎನ್ನುವ ಉಯ್ಯಾಲೆ. ಇವತ್ತೇ ಅದರ ಸೀಟನ್ನು ಮೇಲಿನ ಅಡ್ಡಕಂಬಕ್ಕೆ ಸುತ್ತಿ, ಮಕ್ಕಳ ಕೈಗೆ ಸಿಗದ ಹಾಗೆ ತಂತಿಯಿಂದ ಬಿಗಿಸಿಬಿಡಿ. ಸರಪಳಿ ಕೆಳಗಡೆ ಗಟ್ಟಿಯಾಗಿ ಕಾಣುತ್ತದೆ, ಸವೆಯುವುದು ಮೇಲೆ, ಕೊಕ್ಕೆ ಕೊಳವೆಗೆ ಸಿಕ್ಕಿಕೊಂಡಿರುವ ಜಾಗದಲ್ಲಿ. ಏಣಿ ಹಾಕಿ ಹತ್ತಿ ಆ ಕೊಕ್ಕೆಯ ಒಳಬಾಗನ್ನು ಬೆರಳಲ್ಲಿ ಸವರಿ ನೋಡಿದರೆ ಗೊತ್ತಾಗುತ್ತದೆ. ಹೆಬ್ಬೆರಳು ಕೂರುವಷ್ಟು ಗುಳಿ ಬಿದ್ದಿದ್ದರೆ ಕಬ್ಬಿಣ ಅರ್ಧ ಹೋಗಿದೆ ಎಂದರ್ಥ. ನಾನು ನಗರಾಡಳಿತದ ಉದ್ಯಾನ ಕೆಲಸದಲ್ಲಿ ಇದ್ದಷ್ಟು ವರ್ಷ ಪಾರ್ಕಿಗೆ ಹೋದರೆ ಹೂವಿನ ಪಾತಿಗಿಂತ ಮುಂಚೆ ಈ ಕೊಕ್ಕೆ ನೋಡುತ್ತಿದ್ದೆ. ಕಿರ್ ಎನ್ನುವ ಸದ್ದು ಎಣ್ಣೆ ಕೇಳುವ ಸದ್ದೂ ಇರಬಹುದು, ಸವೆದ ಕಬ್ಬಿಣದ ಸದ್ದೂ ಇರಬಹುದು. ಎರಡರಲ್ಲಿ ಯಾವುದೆಂದು ಮಗು ಕೂತು ಪರೀಕ್ಷೆ ಮಾಡುವುದು ಬೇಡ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಪಾರ್ಕ್ ಹಾಳಾಗಿದೆ, ರಿಪೇರಿ ಮಾಡಿಸಿ ಎಂದು ಜನ ಅರ್ಜಿ ಕೊಡುತ್ತಾರೆ. ಆ ಅರ್ಜಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಇನ್ನೊಂದು ಹೊಸ ಕಾಮಗಾರಿ: ಹೊಸ ಟೈಲ್ಸ್, ಹೊಸ ಕಾರಂಜಿ, ಹೊಸ ಜಿಮ್. ನಾಲ್ಕು ವರ್ಷದಲ್ಲಿ ಅದೂ ಹಾಳು. ನಿಮ್ಮ ಬಡಾವಣೆಗೆ ಬೇಕಾಗಿರುವುದು ಹೊಸ ಸಾಮಾನಲ್ಲ. ಆ ಜಾಗ ಕಾಗದದಲ್ಲಿ ಯಾರದು, ಅದಕ್ಕೆ ನೀರು ಎಲ್ಲಿಂದ, ಗೇಟಿನ ಕೈ ಯಾರ ಹತ್ತಿರ, ಮಾಲಿಗೆ ಸಂಬಳ ಯಾವ ಲೆಕ್ಕದಿಂದ ಎಂಬುದು ಮೊದಲು ತೀರ್ಮಾನವಾಗಬೇಕು. ಇದು ತೀರದೆ ಏನು ಹಾಕಿದರೂ ನಿಲ್ಲುವುದಿಲ್ಲ.

ಜಾಗ ಯಾರದು ಎಂಬುದರಿಂದಲೇ ಹಿಡಿಯೋಣ, ಏಕೆಂದರೆ ನಿಮ್ಮನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿಸುತ್ತಿರುವ ಗಂಟು ಇದೇ. ತುಮಕೂರಿನಲ್ಲಿ ಬಡಾವಣೆ ನಕ್ಷೆಗೆ ಅನುಮೋದನೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಟೂಡಾ. ನಕ್ಷೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯ ನಿವೇಶನ ಎಂದು ಗುರುತಿಸಿದ ಜಾಗಗಳನ್ನು ಬಡಾವಣೆ ಮಾಡಿದವರು ಪ್ರಾಧಿಕಾರಕ್ಕೆ ಬಿಟ್ಟುಕೊಡುತ್ತಾರೆ. ಚರಂಡಿ, ನೀರು, ದೀಪದ ಕೆಲಸ ಮುಗಿದ ಮೇಲೆ ಪ್ರಾಧಿಕಾರ ಅದನ್ನು ಮಹಾನಗರ ಪಾಲಿಕೆಗೆ ಹಸ್ತಾಂತರ ಮಾಡಬೇಕು. ಯಾವುದೇ ಊರಿನಲ್ಲಾಗಲಿ ಈ ಹಸ್ತಾಂತರ ವರ್ಷಗಟ್ಟಲೆ ಎಳೆಯುವುದುಂಟು. ಅಷ್ಟು ದಿನ ಒಬ್ಬರು ‘ಇನ್ನೂ ನಮಗೆ ಬಂದಿಲ್ಲ’ ಅಂತಾರೆ, ಮತ್ತೊಬ್ಬರು ‘ನಾವು ಕೊಟ್ಟಾಯ್ತು’ ಅಂತಾರೆ. ಜಗಳ ನಿಲ್ಲಿಸುವ ಕಾಗದ ಒಂದೇ, ಹಸ್ತಾಂತರ ಪತ್ರ. ಅದರಲ್ಲಿ ತಾರೀಖೂ ಇರುತ್ತದೆ, ಯಾವ ಯಾವ ಜಾಗ ಎಂಬ ಪಟ್ಟಿಯೂ ಇರುತ್ತದೆ.

ಆ ಕಾಗದ ಕೇಳಿ ಪಡೆಯುವ ದಾರಿ ಮಾಹಿತಿ ಹಕ್ಕು. 2005ರ ಕಾಯ್ದೆಯಡಿ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ವಿಶೇಷ ಇದೆ: ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಎರಡು ಪುಟ ಸಂಕಟ ತೋಡಿಕೊಂಡರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. ಹೀಗೆ ಬರೆಯಿರಿ: ‘ಇಂಥ ಬಡಾವಣೆಯ, ಇಂಥ ಅಡ್ಡರಸ್ತೆಯ ಕೊನೆಯಲ್ಲಿರುವ ಉದ್ಯಾನ ಮತ್ತು ಅದಕ್ಕೆ ಹೊಂದಿಕೊಂಡ ಖಾಲಿ ಜಾಗಕ್ಕೆ ಸಂಬಂಧಿಸಿದಂತೆ, ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿ, ಹಸ್ತಾಂತರ ಪತ್ರದ ದೃಢೀಕೃತ ಪ್ರತಿ ನೀಡಿ.’ ಅಷ್ಟೇ. ಒಂದು ಪ್ರತಿ ಪಾಲಿಕೆಗೆ, ಇನ್ನೊಂದು ಪ್ರಾಧಿಕಾರಕ್ಕೆ, ಒಂದೇ ದಿನ. ಜಿಮ್ ಸಾಮಾನಿನ ವಿಷಯಕ್ಕೆ ಬೇರೆ ಅರ್ಜಿ ಹಾಕಿ, ಅದರಲ್ಲಿ ಕಾಮಗಾರಿಯ ಕಾರ್ಯಾದೇಶ, ಅಳತೆ ಪುಸ್ತಕ, ದೋಷ ಹೊಣೆಗಾರಿಕೆಯ ಅವಧಿ ಕೇಳಿ. ಇದನ್ನು ಯಾಕೆ ಕೇಳಬೇಕೆಂದು ಆಮೇಲೆ ಹೇಳುತ್ತೇನೆ.

ನಕ್ಷೆ ಕೈಗೆ ಬಂದ ಕೂಡಲೇ ಆ ತಂತಿ ಬಿಗಿದ ಜಾಗದ ಮೇಲೆ ಏನು ಬರೆದಿದೆ ನೋಡಿ. ಇಡೀ ಬಡಾವಣೆಯ ಹಣೆಬರಹ ಅಲ್ಲೇ ಇರುತ್ತದೆ. ‘ಉದ್ಯಾನ’, ‘ಆಟದ ಮೈದಾನ’ ಅಥವಾ ‘ತೆರೆದ ಜಾಗ’ ಎಂದಿದ್ದರೆ ಅದು ಒಂದು ಕಥೆ. ‘ಸಿ.ಎ.’ ಎಂದಿದ್ದರೆ ಬೇರೆಯೇ ಕಥೆ. ಸಿ.ಎ. ಎಂದರೆ ನಾಗರಿಕ ಸೌಲಭ್ಯ ನಿವೇಶನ. ಅದನ್ನು ಪ್ರಾಧಿಕಾರ ಶಾಲೆಗೋ ಆಸ್ಪತ್ರೆಗೋ ಸಂಘ ಸಂಸ್ಥೆಗೋ ಕಾನೂನು ಪ್ರಕಾರವೇ ಗುತ್ತಿಗೆಗೆ ಕೊಡಬಹುದು. ಇಪ್ಪತ್ತು ವರ್ಷ ಮಕ್ಕಳು ಆಡಿದ ಮೈದಾನ ಎಂದು ಜನ ನಂಬಿಕೊಂಡಿರುತ್ತಾರೆ, ಒಂದು ದಿನ ಅಡಿಪಾಯ ತೋಡುವಾಗ ಎದ್ದು ಬರುತ್ತಾರೆ, ಆಗ ನೋಡಿದರೆ ಅದು ಯಾವತ್ತೂ ಮೈದಾನವಾಗಿರಲೇ ಇಲ್ಲ. ಸಿ.ಎ. ನಿವೇಶನ ಇನ್ನೂ ಹಂಚಿಕೆಯಾಗದೆ ಖಾಲಿ ಇದ್ದರೆ ನಿಮಗೆ ಅವಕಾಶ ಇದೆ. ಈಗಲೇ ಲಿಖಿತ ಮನವಿ ಕೊಟ್ಟು, ಅದನ್ನು ಆಟದ ಮೈದಾನವಾಗಿ ಪಾಲಿಕೆಗೆ ವಹಿಸಿಕೊಡಲು ಕೇಳಿ. ಹಂಚಿಕೆಯಾದ ಮೇಲೆ ಕೇಳುವುದು ಬಹಳ ಕಷ್ಟ. ಇನ್ನೊಂದು ಸಾಧ್ಯತೆಯೂ ಇದೆ, ಅದು ಯಾರದೋ ಸ್ವಂತ ನಿವೇಶನವೇ ಆಗಿರಬಹುದು. ಹಾಗಾಗಿ ನಕ್ಷೆ ನೋಡುವವರೆಗೆ ತಂತಿ ಹಾಕಿದವರ ಹತ್ತಿರ ಜಗಳಕ್ಕೆ ನಿಲ್ಲಬೇಡಿ.

ನಕ್ಷೆಯಲ್ಲಿ ಉದ್ಯಾನ ಅಥವಾ ಮೈದಾನ ಎಂದೇ ಇದ್ದರೆ ನಿಮ್ಮ ಕೈ ಬಹಳ ಗಟ್ಟಿ. ಕರ್ನಾಟಕದಲ್ಲಿ 1985ರಿಂದ ಇದಕ್ಕೆಂದೇ ಒಂದು ಕಾಯ್ದೆ ಇದೆ, ಉದ್ಯಾನವನಗಳು, ಆಟದ ಮೈದಾನಗಳು ಮತ್ತು ತೆರೆದ ಸ್ಥಳಗಳ ಸಂರಕ್ಷಣೆ ಮತ್ತು ನಿಯಂತ್ರಣ ಕಾಯ್ದೆ. ಊರಿನ ಇಂಥ ಜಾಗಗಳ ಪಟ್ಟಿ ಮಾಡಿ ಪ್ರಕಟಿಸಬೇಕು, ಪಟ್ಟಿಯಲ್ಲಿದ್ದ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಬಾರದು ಎಂಬುದು ಅದರ ಸಾರ. ನಿಮ್ಮ ಪಾರ್ಕ್ ಆ ಪಟ್ಟಿಯಲ್ಲಿ ಇದೆಯೇ ಎಂದು ಮೂರನೆಯ ಅರ್ಜಿಯಲ್ಲಿ ಕೇಳಿ. ಇಲ್ಲದಿದ್ದರೆ ಸೇರಿಸಿ ಎಂದು ಪಾಲಿಕೆ ಆಯುಕ್ತರಿಗೆ ಮನವಿ ಕೊಡಿ. ಕೆಲವರು ಲಾಲ್‌ಬಾಗ್, ಕಬ್ಬನ್ ಪಾರ್ಕಿಗೆ ಇರುವ ಕಾನೂನು ಹಿಡಿದು ಬರುತ್ತಾರೆ. ಅದು 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ, ತೋಟಗಾರಿಕೆ ಇಲಾಖೆ ನೋಡಿಕೊಳ್ಳುವ ಸರ್ಕಾರಿ ಉದ್ಯಾನಗಳಿಗೆ ಸಂಬಂಧಪಟ್ಟದ್ದು. ಬಡಾವಣೆ ಪಾರ್ಕಿಗೆ ನೀವು ಹಿಡಿಯಬೇಕಾದದ್ದು 1985ರದ್ದು.

ಧೈರ್ಯಕ್ಕೆ ಒಂದು ಪ್ರಕರಣ ನೆನಪಿಡಿ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂದು ಹೆಸರಾದ ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆ ಊರ್ಜಿತವಲ್ಲ ಎಂದಿತು. ಆಸ್ಪತ್ರೆಯೂ ಜನರಿಗೆ ಉಪಯೋಗವೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ. ಪಾರ್ಕ್ ಉಳಿಸಿಕೊಡಿ ಎಂದು ಕೇಳುವ ಹಕ್ಕು ಆ ಬಡಾವಣೆಯ ಸಾಮಾನ್ಯ ನಿವಾಸಿಗೆ ಇದೆ ಎಂಬುದೂ ಅಲ್ಲಿ ಸ್ಪಷ್ಟವಾಯಿತು. ಹಾಗೆಯೇ 2009ರ ಸೆಪ್ಟೆಂಬರ್ 29ರಂದು ಅದೇ ನ್ಯಾಯಾಲಯ, ರಸ್ತೆ, ಉದ್ಯಾನ ಮುಂತಾದ ಸಾರ್ವಜನಿಕ ಜಾಗಗಳಲ್ಲಿ ಅನಧಿಕೃತವಾಗಿ ಯಾವ ಧರ್ಮದ ಪ್ರಾರ್ಥನಾ ಮಂದಿರವನ್ನೂ ಹೊಸದಾಗಿ ಕಟ್ಟಲು ಬಿಡಕೂಡದು ಎಂದು ಆದೇಶಿಸಿತು. ಇದನ್ನು ಹೇಳುವುದಕ್ಕೆ ಕಾರಣ ಇದೆ. ಖಾಲಿ ಪಾರ್ಕಿನ ಮೂಲೆಯಲ್ಲಿ ಮೊದಲು ಒಂದು ಕಟ್ಟೆ, ಆಮೇಲೆ ತಗಡಿನ ಮಾಡು, ಆಮೇಲೆ ಗೋಡೆ ಏಳುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಗೋಡೆ ಎದ್ದ ಮೇಲೆ ಆ ಬೀದಿಯಲ್ಲಿ ಯಾರಿಗೂ ಮಾತಾಡುವುದು ಸುಲಭವಲ್ಲ. ಕಟ್ಟೆಯಲ್ಲಿರುವಾಗಲೇ ಎಲ್ಲರೂ ಕೂತು ಮಾತಾಡಿ ತೀರಿಸಿಕೊಳ್ಳುವುದು ಬಡಾವಣೆಯ ಒಗ್ಗಟ್ಟಿಗೂ ಒಳ್ಳೆಯದು.

ಒತ್ತುವರಿ ಹೌದೆಂದು ನಕ್ಷೆಯಿಂದ ಗೊತ್ತಾದರೆ, ಕಲ್ಲುಕಂಬದ ಫೋಟೊ ತಾರೀಖು ಸಮೇತ ತೆಗೆದು, ಸರ್ವೆ ಮಾಡಿಸಿ ಗಡಿ ಗುರುತಿಸಿ ಎಂದು ಆಯುಕ್ತರಿಗೂ ಪ್ರಾಧಿಕಾರಕ್ಕೂ ಬರೆಯಿರಿ. ತಂತಿ ಕಿತ್ತು ಹಾಕಿ ಎಂದು ಮೊದಲೇ ಕೇಳಬೇಡಿ, ಅಳತೆ ಕೇಳಿ. ಅಳತೆಯಾಗಿ ಕಲ್ಲು ನೆಟ್ಟರೆ ತೆರವು ತಾನಾಗಿ ಮುಂದಿನ ಹೆಜ್ಜೆಯಾಗುತ್ತದೆ. ಅದೂ ಆಗದಿದ್ದರೆ ಸರ್ಕಾರಿ ಮತ್ತು ಸ್ಥಳೀಯ ಸಂಸ್ಥೆಗಳ ಜಮೀನಿನ ಕಬಳಿಕೆ ವಿಚಾರಣೆಗೆಂದೇ 2011ರ ಭೂಕಬಳಿಕೆ ನಿಷೇಧ ಕಾಯ್ದೆಯಡಿ ವಿಶೇಷ ನ್ಯಾಯಾಲಯ ಇದೆ.

ಈಗ ಪಾರ್ಕಿನ ಒಳಗೆ ಬನ್ನಿ. ಸಂವಿಧಾನದ 74ನೇ ತಿದ್ದುಪಡಿಯ ನಂತರ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆಂದು 18 ವಿಷಯ ಪಟ್ಟಿ ಮಾಡಿದರು. ಉದ್ಯಾನ, ತೋಟ, ಆಟದ ಮೈದಾನ ಅದರಲ್ಲಿ ಒಂದು. ಪಾಲಿಕೆಯ ಕೆಲಸ ಎಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಪಾಲಿಕೆ ಎಂದರೆ ಒಂದು ಬಾಗಿಲಲ್ಲ. ನಿಮ್ಮ 20 ಗುಂಟೆಯಲ್ಲಿ ಕಾಂಪೌಂಡ್ ಮತ್ತು ನಡಿಗೆ ದಾರಿ ವಾರ್ಡಿನ ಎಂಜಿನಿಯರ್ ಕೆಲಸ. ದೀಪ ವಿದ್ಯುತ್ ವಿಭಾಗದ್ದು. ಒಣ ಎಲೆ, ಕಸ ಆರೋಗ್ಯ ಶಾಖೆಯದ್ದು. ಬೋರ್‌ವೆಲ್, ಪೈಪು ನೀರು ಸರಬರಾಜಿನವರದ್ದು. ಒತ್ತುವರಿ ಕಂದಾಯ ಶಾಖೆಗೆ. ಒಣಗಿದ ಕೊಂಬೆ ಕಡಿಯುವುದಿದ್ದರೆ 1976ರ ಮರ ಸಂರಕ್ಷಣಾ ಕಾಯ್ದೆ ಇರುವುದರಿಂದ ಅರಣ್ಯ ಇಲಾಖೆಯನ್ನು ಕೇಳದೆ ಕೊಡಲಿ ಎತ್ತುವ ಹಾಗಿಲ್ಲ. ‘ಪಾರ್ಕ್ ಸರಿಮಾಡಿ’ ಎಂಬ ಒಂದು ಅರ್ಜಿ ಈ ಐದಾರು ಮೇಜುಗಳ ನಡುವೆ ಎಲ್ಲೋ ಕೂತುಬಿಡುತ್ತದೆ. ದೀಪಕ್ಕೆ ಬೇರೆ, ನೀರಿಗೆ ಬೇರೆ, ಸಾಮಾನಿಗೆ ಬೇರೆ ಬರೆಯಿರಿ. ಪ್ರತಿಯೊಂದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಸಾಮಾನಿನ ವಿಷಯ ಹೇಳುತ್ತೇನೆಂದಿದ್ದೆ. ಇಂಥ ಕಾಮಗಾರಿಯ ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದು ಇರುತ್ತದೆ. ಅಷ್ಟು ಕಾಲ ಮುರಿದದ್ದನ್ನು ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು, ಅದಕ್ಕಾಗಿಯೇ ಅವರ ಭದ್ರತಾ ಠೇವಣಿ ಹಿಡಿದಿಟ್ಟಿರುತ್ತಾರೆ. ಆ ಅವಧಿಯಲ್ಲಿ ಯಾರೂ ದೂರು ಕೊಡದಿದ್ದರೆ ಠೇವಣಿ ಸದ್ದಿಲ್ಲದೆ ವಾಪಸ್ ಹೋಗುತ್ತದೆ. ನಾಲ್ಕು ವರ್ಷವಾದ ನಿಮ್ಮ ಜಿಮ್ಮಿಗೆ ಅದು ಮುಗಿದಿರುವ ಸಂಭವವೇ ಹೆಚ್ಚು, ಆದರೂ ಕಾಗದ ನೋಡಿ. ಮುಂದೆ ಯಾವ ಕೆಲಸ ನಡೆದರೂ ಉದ್ಘಾಟನೆಯ ದಿನವೇ ಈ ಅವಧಿಯ ಕೊನೆಯ ತಾರೀಖು ಕೇಳಿ, ಗೇಟಿನ ಪಕ್ಕ ಬಣ್ಣದಲ್ಲಿ ಬರೆಸಿಬಿಡಿ. ಓಪನ್ ಜಿಮ್ ಸಾಮಾನು ಹಾಳಾಗುವುದು ಬಹುತೇಕ ಬೇರಿಂಗ್ ಒಣಗಿ, ಇಲ್ಲವೇ ಬೋಲ್ಟ್ ಸಡಿಲವಾಗಿ. ಕಾಲಾಡಿಸುವ ಯಂತ್ರ ಇರುತ್ತದಲ್ಲ, ಅದರ ಮೇಲಿನ ಬೇರಿಂಗಿಗೆ ಮಳೆ ನೀರು ಇಳಿದರೆ ಒಂದೇ ವರ್ಷದಲ್ಲಿ ತುಕ್ಕು. ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಗ್ರೀಸ್ ಡಬ್ಬಿ, ಸ್ಪ್ಯಾನರ್ ಹಿಡಿದು ಬಂದು ಅರ್ಧ ಗಂಟೆ ಕೆಲಸ ಮಾಡಿದ್ದರೆ ಇವತ್ತು ಎಲ್ಲವೂ ಓಡುತ್ತಿತ್ತು. ಆ ಅರ್ಧ ಗಂಟೆಗೆ ಯಾರ ಬಜೆಟ್ಟಿನಲ್ಲೂ ಜಾಗ ಇಲ್ಲದಿರುವುದೇ ನೋವಿನ ಸಂಗತಿ. ಹಾಗೆಯೇ ಜಾರುಬಂಡೆ, ಉಯ್ಯಾಲೆ ಕೆಳಗೆ ಸಿಮೆಂಟ್ ಇಟ್ಟಿಗೆ ಹಾಕಿದ್ದರೆ ತೆಗೆಸಿ, ಒಂದಡಿ ಆಳ ಮರಳು ತುಂಬಿಸಿ. ಬೀಳುವ ಮಗುವಿಗೆ ಬೇಕಾಗಿರುವುದು ಅದು.

ಹುಲ್ಲಿನ ಮಾತು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಒಂದು ಲೀಟರ್. ನಮ್ಮ ಕಡೆ ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಲು ದಿನಕ್ಕೆ ನಾಲ್ಕೈದು ಮಿಲಿಮೀಟರ್ ಬೇಕು. 20 ಗುಂಟೆ ಎಂದರೆ ಎರಡು ಸಾವಿರ ಚದರ ಮೀಟರಿಗೆ ಸ್ವಲ್ಪ ಮೇಲೆ. ಪೂರ್ತಿ ಹುಲ್ಲು ಹಾಸಿದರೆ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್, ಅಂದರೆ ಐದು ಸಾವಿರದ ಎರಡು ಟ್ಯಾಂಕರ್, ಅದೂ ಬೇಸಿಗೆ ಮುಗಿಯುವವರೆಗೆ ಪ್ರತಿದಿನ. ತುಮಕೂರು ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಬಂದು ನಿಂತ ಹೇಮಾವತಿ ನೀರನ್ನು. ಆ ನೀರನ್ನು ಹುಲ್ಲಿಗೆ ಕೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೂ ಬರಲಾರದು. ಹಾಗಾಗಿ ಹುಲ್ಲು ಒಣಗಿದ್ದಕ್ಕೆ ಮಾಲಿಯನ್ನು ಬೈಯಬೇಡಿ, ಅಷ್ಟು ಹುಲ್ಲು ಹಾಕಿದ ನಕ್ಷೆಯೇ ತಪ್ಪು. ಎರಡು ಗುಂಟೆ ಹುಲ್ಲು ಸಾಕು, ಚಿಕ್ಕ ಮಕ್ಕಳು ಉರುಳಾಡಲು, ಹಿರಿಯರು ಕೂರಲು. ಉಳಿದದ್ದು ಮರದ ನೆರಳು ಮತ್ತು ಗಟ್ಟಿ ಮಾಡಿದ ಕೆಮ್ಮಣ್ಣಿನ ಆಟದ ಅಂಗಳ ಆಗಲಿ. ಹೊಂಗೆ, ಬೇವು ಹಾಕಿ. ಹೊಂಗೆ ಎಲೆ ಉದುರಿಸಿದರೂ ಬಿಸಿಲು ಏರುವ ಹೊತ್ತಿಗೆ ಮತ್ತೆ ಚಿಗುರಿ ನೆರಳು ಕೊಡುತ್ತದೆ. ಗುಲ್‌ಮೊಹರ್ ನೋಡಲು ಚಂದ, ಆದರೆ ಗಾಳಿಮಳೆಗೆ ಕೊಂಬೆ ಮುರಿಯುವ ಮರ, ಮಕ್ಕಳು ಆಡುವಲ್ಲಿ ಬೇಡ. ಸಸಿ ಮುಂಗಾರು ಹಿಡಿದ ಮೇಲೆ ನೆಡಿ, ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಬುಡಕ್ಕೆ ನೀರು, ಸುತ್ತ ಒಣ ಎಲೆಯ ಹೊದಿಕೆ. ಆ ಎಲೆಯನ್ನು ಗುಡಿಸಿ ಸುಡುವ ಅಭ್ಯಾಸ ಇದ್ದರೆ ನಿಲ್ಲಿಸಿ. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಿಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಆ ತಾಯಿ ಸಸಿ ನೆಟ್ಟದ್ದರ ಬಗ್ಗೆ ಎಲ್ಲರೂ ಮಾತಾಡುತ್ತೇವೆ, ಕೊಡದಲ್ಲಿ ನೀರು ಹೊತ್ತದ್ದೇ ದೊಡ್ಡ ಕೆಲಸ.

ಅಂಗಳದಲ್ಲಿ ಏನೇನು ಹಿಡಿಯುತ್ತದೆ ಎಂದು ಹಗ್ಗ ಹಿಡಿದು ಅಳೆದು ನೋಡಿ. ಗಂಡಸರ ಕಬಡ್ಡಿ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12ಕ್ಕೆ 8. ವಾಲಿಬಾಲ್ 18ಕ್ಕೆ 9. ಸುತ್ತ ಮೂರು ಮೂರು ಮೀಟರ್ ಬಿಟ್ಟರೂ ನಿಮ್ಮ ಪಾರ್ಕಿನ ಒಂದು ಮೂಲೆಯಲ್ಲಿ ಇವೆರಡೂ ಕೂರುತ್ತವೆ. ಕ್ರಿಕೆಟ್ ಕೂರುವುದಿಲ್ಲ, ಅದನ್ನು ಪಾರ್ಕಿನಲ್ಲಿ ಬಿಟ್ಟರೆ ಚಿಕ್ಕವರೂ ಅಜ್ಜಿಯರೂ ಆ ಕಡೆ ಬರುವುದೇ ಇಲ್ಲ. ಅದಕ್ಕೇ ಪಕ್ಕದ ಜಾಗ ಉಳಿಯುವುದು ಅಷ್ಟು ಮುಖ್ಯ. ಊರಿನಲ್ಲಿ ಮಹಾತ್ಮ ಗಾಂಧಿ ಕ್ರೀಡಾಂಗಣ ಇದೆ, ಅಮಾನಿಕೆರೆ ಇದೆ, ನಿಜ. ಓಟದ ಅಭ್ಯಾಸ ಮಾಡುವ ಹುಡುಗಿಗೆ ಕ್ರೀಡಾಂಗಣ ಬೇಕೇ ಬೇಕು. ಆದರೆ ಒಂಬತ್ತು ವರ್ಷದ ಮಗು ಒಂಟಿಯಾಗಿ ಬಿ.ಎಚ್. ರಸ್ತೆ ದಾಟಿ ಅಲ್ಲಿಗೆ ಹೋಗುವ ಹಾಗಿಲ್ಲ. ಮನೆಯಿಂದ ಅಮ್ಮ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಮೈದಾನ ಇರಬೇಕು.

ಮೈದಾನವನ್ನು ಕಾರ್ಯಕ್ರಮಕ್ಕೆ ಕೊಡುವ ವಿಷಯದಲ್ಲಿ ಒಂದು ಘಟನೆ ಹೇಳಬೇಕು. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಮೈದಾನವನ್ನು ಹದಿನೈದು ದಿನ ವಸ್ತುಪ್ರದರ್ಶನಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಶಾಮಿಯಾನ ಬಿಚ್ಚಿಕೊಂಡು ಹೋದ ಮಾರನೆಯ ಸಂಜೆ ಬರಿಗಾಲಲ್ಲಿ ಖೋ ಖೋ ಆಡುತ್ತಿದ್ದ ಹುಡುಗನ ಅಂಗಾಲಿಗೆ ಎರಡಂಗುಲದ ಮೊಳೆ ಹೊಕ್ಕಿತು. ಅವನನ್ನು ಎತ್ತಿಕೊಂಡು ಹೋದವರಲ್ಲಿ ನಾನೂ ಒಬ್ಬ. ಮುಂದಿನ ದಿನ ಒಂದು ಹಳೆಯ ಸ್ಪೀಕರಿನ ಅಯಸ್ಕಾಂತ ಬಿಚ್ಚಿ, ಹಗ್ಗ ಕಟ್ಟಿ, ಮೈದಾನದ ಉದ್ದಗಲ ಎಳೆದೆವು. ಮಧ್ಯಾಹ್ನದೊಳಗೆ ಅರ್ಧ ಬಕೆಟ್ ಮೊಳೆ, ತಂತಿ ಚೂರು ಸಿಕ್ಕಿತು. ಅಂದಿನಿಂದ ನಾನು ಇರುವವರೆಗೆ ಒಂದು ಕಟ್ಟಳೆ ಮಾಡಿಸಿದೆ: ಬಾಡಿಗೆ ಬೇರೆ, ಠೇವಣಿ ಬೇರೆ. ಗುಂಡಿ ಮುಚ್ಚಿ, ಮಣ್ಣು ದಿಮ್ಮಿಸು ಹಾಕಿ, ಅಯಸ್ಕಾಂತ ಎಳೆದು ತೋರಿಸಿದ ಮೇಲೆಯೇ ಠೇವಣಿ ವಾಪಸ್. ನಿಮ್ಮ ಬಡಾವಣೆಯ ಗಣೇಶೋತ್ಸವ, ರಾಜ್ಯೋತ್ಸವಕ್ಕೂ ಇದೇ ಕಟ್ಟಳೆ ಇಟ್ಟುಕೊಳ್ಳಿ. ಹಬ್ಬ ಬೇಡವೆಂದಲ್ಲ, ಹಬ್ಬವಾದ ಮರುದಿನ ಮಕ್ಕಳು ಅದೇ ಮಣ್ಣಿಗೆ ಕಾಲಿಡುತ್ತಾರೆ.

ಬೀಗದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಬೆಳಿಗ್ಗೆ ಐದರಿಂದ ರಾತ್ರಿ ಎಂಟರವರೆಗೆ ತೆರೆದಿರಲಿ. ಮಧ್ಯಾಹ್ನ ತೆಗೆದರೆ ಪಡ್ಡೆ ಹುಡುಗರು ಕೂರುತ್ತಾರೆ, ಕುಡುಕರು ಬರುತ್ತಾರೆ ಎಂದು ಬೀಗ ಹಾಕುತ್ತಾರೆ. ಆದರೆ ಬೀಗ ಹಾಕಿದ ಪಾರ್ಕಿಗೆ ಕಾಂಪೌಂಡ್ ಹಾರಿ ಬರುವವರು ಅವರೇ, ಬಾರದೆ ಉಳಿಯುವವರು ಮಗು ಎತ್ತಿಕೊಂಡ ತಾಯಂದಿರು, ಊಟದ ಡಬ್ಬಿ ಹಿಡಿದ ಕೂಲಿ ಹೆಂಗಸರು, ಆರ್ಡರ್ ಕಾಯುತ್ತ ಬಿಸಿಲಲ್ಲಿ ಬೈಕಿನ ಮೇಲೆ ಕೂತ ಹುಡುಗರು. ಒಳ್ಳೆಯವರು ಓಡಾಡುವ ಜಾಗದಲ್ಲಿ ಕೆಟ್ಟದ್ದು ನಿಲ್ಲುವುದಿಲ್ಲ. ಬೀಗದ ಕೈ ಎರಡು ಮಾಡಿಸಿ, ಒಂದು ಮಾಲಿ ಹತ್ತಿರ, ಒಂದು ಎದುರು ಮನೆಯ ನಿವೃತ್ತರೊಬ್ಬರ ಹತ್ತಿರ. ಹೊಣೆ ಯಾರದು ಎಂಬುದನ್ನು ಪಾಲಿಕೆಯಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಕೀಲಿಕೈ ಎಂದೋ ಒಂದು ದಿನ ಜಗಳಕ್ಕೆ ಕಾರಣವಾಗುತ್ತದೆ. ಪಾರ್ಕನ್ನು ಕಂಪನಿಗಳು ದತ್ತು ಪಡೆಯುವ ಮಾತು ಬಂದರೂ ಇದೇ ಎಚ್ಚರ. ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆಂದು 2013ರ ಕಂಪನಿ ಕಾಯ್ದೆಯೇ ಹೇಳುತ್ತದೆ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶ ನಿಮ್ಮ ಪಕ್ಕದಲ್ಲೇ ಇದೆ, ಕೇಳಿ. ಹಣ ಮೂರು ವರ್ಷದ ಮಾಲಿ ಸಂಬಳಕ್ಕೆಂದು ಕೇಳಿ, ಗೇಟಿನ ಕಮಾನಿಗಲ್ಲ.

ಪಾಲಿಕೆಯ ಹಣಕ್ಕೂ ಅದೇ ಮಾತು. ಆಯವ್ಯಯ ಸಿದ್ಧವಾಗುವುದು ಏಪ್ರಿಲ್‌ಗೆ ಮುಂಚೆ, ಜನರ ಸಲಹೆ ಕೇಳುವ ಪೂರ್ವಭಾವಿ ಸಭೆ ಚಳಿಗಾಲದಲ್ಲೇ ನಡೆದುಹೋಗುತ್ತದೆ. ಅಲ್ಲಿಗೆ ಹೋದವರೆಲ್ಲ ರಸ್ತೆ ಚರಂಡಿ ಕೇಳುತ್ತಾರೆ. ನೀವು ನಾಲ್ಕು ಜನ ಹೋಗಿ ‘ನಮ್ಮ ವಾರ್ಡಿನ ಉದ್ಯಾನಗಳ ವಾರ್ಷಿಕ ನಿರ್ವಹಣೆಗೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಬೇಕು’ ಎಂದು ಬರೆದುಕೊಡಿ. ಮಾಲಿ, ನೀರು, ಗ್ರೀಸು, ಬಲ್ಬು, ಮರಳು ಎಂದು ಬಿಡಿಸಿ ಬರೆಯಿರಿ. ಗಾಲಿಕುರ್ಚಿಗೆ ಇಳಿಜಾರು ದಾರಿ ಬೇಕಿದ್ದರೆ ಅಂಗವಿಕಲರ ಕಲ್ಯಾಣಕ್ಕೆಂದು ಸ್ಥಳೀಯ ಸಂಸ್ಥೆಗಳು ತೆಗೆದಿಡುವ ಶೇಕಡಾ 5ರ ಹಣದಲ್ಲಿ ಕೇಳಬಹುದು. ಮೂರು ಲಕ್ಷ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನ ಹೇಳುತ್ತದೆ. 2011ರ ಜನಗಣತಿಯಲ್ಲಿ ತುಮಕೂರು 3,02,143. ನಿಮ್ಮ ವಾರ್ಡಿನ ಸಮಿತಿ ಎಂದು ಸೇರುತ್ತದೆ ಎಂದು ಕೇಳಿ, ರಚನೆಯಾಗಿಲ್ಲವೆಂದರೆ ರಚಿಸಿ ಎಂದು ಕೇಳಿ.

ಕೊನೆಗೆ ಶಿಬಿರ. ಇದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ. ಮೇಲಿನ ಯಾವ ಕಾಗದಕ್ಕೂ ಕಾಯದೆ ಇದನ್ನು ಮಾಡಬಹುದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಬೇಸಿಗೆ ಶಿಬಿರಕ್ಕೆ ವಾರಕ್ಕೆರಡು ದಿನ ತರಬೇತುದಾರರು ಬರಲು ಸಾಧ್ಯವೇ ಕೇಳಿ. ಆಗದಿದ್ದರೆ ನಿಮ್ಮದೇ ಶಾಲೆಯ ದೈಹಿಕ ಶಿಕ್ಷಕರು ಸಾಕು. ಪಾರ್ಕ್ ಚಿಕ್ಕದಾಯಿತು ಎನಿಸಿದರೆ ಸರ್ಕಾರಿ ಶಾಲೆಯ ಮೈದಾನ ರಜೆಯಲ್ಲಿ ಖಾಲಿ ಇರುತ್ತದೆ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿಯವರ) ಒಪ್ಪಿಗೆ ಬರಹದಲ್ಲಿ ಪಡೆದು, ಗುಡಿಸಿ ಬೀಗ ಹಾಕಿ ಕೊಡುವ ಹೊಣೆ ನೀವು ಹೊತ್ತರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ, ಹೆಣ್ಣುಮಕ್ಕಳ ಹೊತ್ತು. ‘ಎಲ್ಲರೂ ಬರಬಹುದು’ ಎಂದು ಬಿಟ್ಟರೆ ಒಂದೇ ವಾರದಲ್ಲಿ ಮೈದಾನ ತುಂಬ ಹುಡುಗರು, ಹುಡುಗಿಯರು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಒಂದು ಬಡಾವಣೆಯಲ್ಲಿ ನಾವು ಸೋಮವಾರ, ಬುಧವಾರ, ಶುಕ್ರವಾರ ಸಂಜೆ ನಾಲ್ಕೂವರೆಯಿಂದ ಐದೂವರೆ ಹುಡುಗಿಯರಿಗೆ ಮಾತ್ರ ಎಂದು ಬೋರ್ಡ್ ಹಾಕಿದೆವು. ಮೊದಲ ದಿನ ಬಂದವರು ಮೂವರು, ಮೂವರೂ ಅಕ್ಕತಂಗಿಯರು. ಹುಡುಗರು ಗೇಟಿನ ಹೊರಗೆ ನಿಂತು ಗೊಣಗಿದರು. ಎರಡನೆಯ ವಾರ ಒಬ್ಬ ತಾಯಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಕಬಡ್ಡಿ ಅಂಗಳಕ್ಕೆ ಇಳಿದರು. ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟಕ್ಕೆ ಆಡಿದ್ದರಂತೆ, ಮದುವೆಯಾದ ಮೇಲೆ ಗೆರೆ ಮುಟ್ಟಿರಲಿಲ್ಲ. ತಿಂಗಳ ಕೊನೆಗೆ ಎರಡು ತಂಡ ಆಗುವಷ್ಟು ಹುಡುಗಿಯರಿದ್ದರು. ಆ ವರ್ಷದ ದಸರಾ ಕ್ರೀಡಾಕೂಟಕ್ಕೆ ತಾಲ್ಲೂಕು ಮಟ್ಟದಲ್ಲಿ ಹೆಸರು ಕೊಟ್ಟರು. ಆ ಕೂಟದಲ್ಲಿ ಗೆದ್ದವರು ಹೋಗುವ ದಾರಿ ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ವಿಭಾಗ, ಅಲ್ಲಿಂದ ಮೈಸೂರು. ಅವರು ಮೊದಲ ಪಂದ್ಯದಲ್ಲೇ ಸೋತು ಬಂದರು, ಬಸ್ಸಿನಲ್ಲಿ ಬರುವಾಗ ಮಾತ್ರ ಯಾರ ಬಾಯಿಯೂ ಸುಮ್ಮನಿರಲಿಲ್ಲ.

ಶಿಬಿರ ಬೆಳಿಗ್ಗೆ ಆರೂವರೆಗೆ ಇಟ್ಟುಕೊಳ್ಳಿ, ಎಂಟೂವರೆಗೆ ಮುಗಿಸಿ, ಏಪ್ರಿಲ್ ಬಿಸಿಲಿಗೆ ಮಕ್ಕಳನ್ನು ಒಡ್ಡಬೇಡಿ. ಕುಡಿಯುವ ನೀರಿನ ಕ್ಯಾನು, ಹತ್ತಿರದ ಒಂದು ಮನೆಯ ಶೌಚಾಲಯ, ಪ್ರಥಮ ಚಿಕಿತ್ಸೆಯ ಡಬ್ಬಿ, ಪೋಷಕರ ಸಹಿ ಇರುವ ಒಪ್ಪಿಗೆ ಚೀಟಿ, ಪ್ರತಿದಿನ ಇಬ್ಬರು ದೊಡ್ಡವರು, ಅವರಲ್ಲಿ ಒಬ್ಬರಾದರೂ ಹೆಂಗಸು. ಶುಲ್ಕ ಇಡಬೇಡಿ. ಇಟ್ಟರೆ ಪಕ್ಕದ ಕೂಲಿ ಮನೆಗಳ ಮಕ್ಕಳು ಗೇಟಿನಾಚೆಯೇ ನಿಂತುಬಿಡುತ್ತಾರೆ. ಚೆಂಡು, ನೆಟ್ಟು ಕೊಳ್ಳಲು ಬಡಾವಣೆಯ ಮನೆಗಳಲ್ಲಿ ಒಂದು ಸುತ್ತು ಚಂದಾ ಎತ್ತಿದರೆ ಸಾಕಾಗುತ್ತದೆ. ಮೊದಲ ದಿನ ಆಟಕ್ಕೆ ಮುಂಚೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅಂಗಳದಲ್ಲಿ ಕಲ್ಲು, ಗಾಜು ಆಯಿಸಿ, ಒಂದು ಗೋಣಿಚೀಲ ಕೊಡಿ. ಅಯಸ್ಕಾಂತ ಬೇಕಿದ್ದರೆ ಹಳೆ ಸ್ಪೀಕರ್ ರಿಪೇರಿ ಅಂಗಡಿಯಲ್ಲಿ ಕೇಳಿ, ಕೊಡುತ್ತಾರೆ.